20 ಬೈಟ್‌ನ ಬ್ಯಾಕಪ್: ಕಾಲೇಜು ಲೈಬ್ರರಿಯ ಡೇಟಾಬೇಸ್ ಉಳಿಸಿಕೊಂಡ ಲಾಗ್

ಜೂನ್ 11, ಬುಧವಾರ

ಬೆಳಿಗ್ಗೆ ಒಂಬತ್ತೂವರೆಗೆ ಲೈಬ್ರರಿಯಿಂದ ಫೋನ್ ಬಂತು. "ಸರ್, ಕೋಹಾ ಓಪನ್ ಆಗ್ತಿಲ್ಲ. ಕೌಂಟರ್ ಮುಂದೆ ಹುಡುಗರು ಪುಸ್ತಕ ಹಿಡ್ಕೊಂಡು ನಿಂತಿದ್ದಾರೆ" ಅಂದರು ಲೈಬ್ರರಿಯನ್ ಮೇಡಂ. ಹಿಂದಿನ ದಿನ ಸಂಜೆ ಮಳೆ ಜೋರಾಗಿ ಕರೆಂಟ್ ಹೋಗಿತ್ತು. ಯುಪಿಎಸ್ ಹತ್ತು ನಿಮಿಷ ತಡೆದು ಕೈಬಿಟ್ಟಿತ್ತು. ರಾತ್ರಿಯಿಡೀ ಸರ್ವರ್ ಆಫ್ ಆಗಿಯೇ ಇತ್ತು. ಬೆಳಿಗ್ಗೆ ಅಟೆಂಡರ್ ಬಂದು ಆನ್ ಮಾಡಿದ್ದರು.

ನಾನು ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ. ಲೈಬ್ರರಿ ಸರ್ವರ್ ಕೂಡ ನನ್ನದೇ ಹೊಣೆ. 41 ಸಾವಿರ ಪುಸ್ತಕಗಳು, 2,300 ಸದಸ್ಯರು. ಯಾರ ಹತ್ತಿರ ಯಾವ ಪುಸ್ತಕ ಇದೆ, ಯಾರು ಎಷ್ಟು ದಂಡ ಕಟ್ಟಬೇಕು, ಎಲ್ಲವೂ ಕೋಹಾದಲ್ಲಿದೆ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಕೋಹಾ ಉಚಿತ ಲೈಬ್ರರಿ ತಂತ್ರಾಂಶ. 1999ರಲ್ಲಿ ನ್ಯೂಜಿಲೆಂಡಿನ ಹೊರೊಫೆನುವಾ ಎಂಬ ಕಡೆಯ ಲೈಬ್ರರಿಗಳಿಗಾಗಿ ಬರೆದದ್ದು. ಮಾವೊರಿ ಭಾಷೆಯಲ್ಲಿ ಕೋಹಾ ಅಂದರೆ ಉಡುಗೊರೆ. ಅದರ ಡೇಟಾ ಎಲ್ಲ ಕೂರುವುದು ಮೈಎಸ್‌ಕ್ಯುಎಲ್ ಅಥವಾ ಮರಿಯಾಡಿಬಿ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿ. ನಮ್ಮದು ಡೆಬಿಯನ್ 11 ಎಂಬ ಲಿನಕ್ಸ್, ಮರಿಯಾಡಿಬಿ 10.5.

ಹೋಗಿ ನೋಡಿದರೆ ಮರಿಯಾಡಿಬಿ ಏಳುವುದು, ಬೀಳುವುದು, ಮತ್ತೆ ಏಳುವುದು ಮಾಡುತ್ತಿತ್ತು. ಅದರ ಲಾಗ್‌ನಲ್ಲಿ ಡೇಟಾ ಫೈಲಿನ ಒಂದು ಪೇಜ್‌ನ ಚೆಕ್‌ಸಮ್ (ಡೇಟಾ ಕೆಟ್ಟಿಲ್ಲ ಅಂತ ತಾಳೆ ನೋಡುವ ಸಂಖ್ಯೆ) ಹೊಂದುತ್ತಿಲ್ಲ ಎಂಬ ದೂರು. ಕರ್ನಲ್ ಲಾಗ್‌ನಲ್ಲಿ ಡಿಸ್ಕ್ ಓದುವಾಗಲೇ ಎರರ್. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ವರದಿಯಲ್ಲಿ ಓದಲಾಗದೆ ಬಾಕಿ ಉಳಿದ ಸೆಕ್ಟರ್‌ಗಳ ಸಂಖ್ಯೆ ನೂರು ದಾಟಿತ್ತು.

ಕರೆಂಟ್ ಹೋಗಿದ್ದಕ್ಕೇ ಹೀಗಾಯಿತು ಅಂತ ಸ್ಟಾಫ್ ರೂಮಿನಲ್ಲಿ ಎಲ್ಲರೂ ಹೇಳಿದರು. ಆದರೆ ಮರಿಯಾಡಿಬಿಯ ಒಳಗೆ ಡೇಟಾ ಬರೆದಿಡುವ ಭಾಗವಾದ ಇನ್ನೊಡಿಬಿ, ಕರೆಂಟ್ ಹೋಗುವುದನ್ನು ತಡೆದುಕೊಳ್ಳುವ ಹಾಗೆಯೇ ಮಾಡಿದ ಯಂತ್ರ. ಪ್ರತಿ ಬದಲಾವಣೆಯನ್ನು ಮೊದಲು ರಿಡೂ ಲಾಗ್‌ಗೆ ಬರೆದುಕೊಳ್ಳುತ್ತದೆ. ಮತ್ತೆ ಎದ್ದಾಗ ಅದನ್ನು ಓದಿ ತಾನೇ ಸರಿಮಾಡಿಕೊಳ್ಳುತ್ತದೆ. ಇಲ್ಲಿ ಹಾಳಾಗಿದ್ದು ಡಿಸ್ಕ್. ಅದು ಮೊದಲೇ ಸಾಯುತ್ತಾ ಇತ್ತು. ಕರೆಂಟ್ ಹೋದದ್ದು ಅದನ್ನು ಹೊರಗೆ ತೋರಿಸಿತು ಅಷ್ಟೆ.

ಮೊದಲು ಮಾಡಿದ ಕೆಲಸ, ಸರ್ವರ್ ಆಫ್ ಮಾಡಿದ್ದು. ಇದು ಕಷ್ಟ. ಎದುರಿಗೆ ಜನ ನಿಂತಿರುವಾಗ ಇನ್ನೊಂದು ಸಲ ಸ್ಟಾರ್ಟ್ ಮಾಡಿ ನೋಡೋಣ ಅಂತಲೇ ಕೈ ಹೋಗುತ್ತದೆ. ಆದರೆ ಸಾಯುತ್ತಿರುವ ಡಿಸ್ಕಿನ ಮೇಲೆ ಪ್ರತಿ ಸ್ಟಾರ್ಟ್ ಕೂಡ ಹೊಸದಾಗಿ ಬರೆಯುತ್ತದೆ, ಇನ್ನಷ್ಟು ಓದಿಸುತ್ತದೆ. ಇನ್ನೂ ಉಳಿದಿರುವುದನ್ನು ನಾವೇ ಕೈಯಾರೆ ಕಳೆದುಕೊಳ್ಳಬಹುದು. ಮೇಡಂಗೆ ಹೇಳಿದೆ: "ಇವತ್ತು, ನಾಳೆ ರಿಜಿಸ್ಟರ್‌ನಲ್ಲಿ ಬರೆದುಕೊಳ್ಳಿ. ಬಾರ್‌ಕೋಡ್ ನಂಬರ್, ಹುಡುಗರ ಕಾರ್ಡ್ ನಂಬರ್, ಟೈಮ್. ಮೂರೇ ಸಾಕು."

ಡಿಸ್ಕ್ ಬಿಚ್ಚಿ ಲ್ಯಾಬಿಗೆ ತಂದೆ.

ಅದೇ ದಿನ, ಮಧ್ಯಾಹ್ನ

ಬ್ಯಾಕಪ್ ಇದೆ ಅಂತ ನನಗೆ ಧೈರ್ಯ ಇತ್ತು. ಎರಡು ವರ್ಷದ ಹಿಂದೆ ನಾನೇ ಒಂದು ಸ್ಕ್ರಿಪ್ಟ್ ಬರೆದಿದ್ದೆ. ದಿನಾ ರಾತ್ರಿ ಮೈಎಸ್‌ಕ್ಯುಎಲ್‌ಡಂಪ್ ಓಡಿಸಿ ಡೇಟಾಬೇಸನ್ನೆಲ್ಲ ಒಂದು ಫೈಲಿಗೆ ಇಳಿಸಿ (ಇದೇ ಡಂಪ್), ಜಿಜಿಪ್‌ನಿಂದ ಕುಗ್ಗಿಸಿ, ಯುಎಸ್‌ಬಿ ಹಾರ್ಡ್ ಡಿಸ್ಕಿಗೆ ಹಾಕುವ ಸ್ಕ್ರಿಪ್ಟ್. ಆ ಹಾರ್ಡ್ ಡಿಸ್ಕನ್ನು ಲ್ಯಾಬಿನ ಮೆಷಿನ್‌ಗೆ ಹಾಕಿದೆ. ಪ್ರತಿ ದಿನದ ಹೆಸರಿನಲ್ಲಿ ಒಂದೊಂದು ಫೈಲ್ ಸಾಲಾಗಿ ನಿಂತಿದೆ. ಒಂದು ದಿನವೂ ತಪ್ಪಿಲ್ಲ. ಪ್ರತಿಯೊಂದರ ಗಾತ್ರ 20 ಬೈಟ್.

20 ಬೈಟ್ ಅಂದರೆ ಖಾಲಿ ಜಿಜಿಪ್ ಫೈಲ್. ಏನೂ ಇಲ್ಲದ್ದನ್ನು ಜಿಜಿಪ್‌ಗೆ ಕೊಟ್ಟರೆ ಅದು ತನ್ನ ತಲೆ ಮತ್ತು ಬಾಲ ಮಾತ್ರ ಬರೆದು ಅಷ್ಟು ಗಾತ್ರದ ಫೈಲ್ ಕೊಡುತ್ತದೆ. ಹಿಂದಕ್ಕೆ ಹೋಗಿ ನೋಡಿದೆ. ಹೋದ ವರ್ಷ ಜುಲೈವರೆಗೆ ಫೈಲ್‌ಗಳು ಸರಿಯಾದ ಗಾತ್ರದಲ್ಲಿವೆ. ಆಮೇಲಿನ ಹನ್ನೊಂದು ತಿಂಗಳು ಎಲ್ಲವೂ ಖಾಲಿ.

ಕಾರಣ ಹುಡುಕಲು ಜಾಸ್ತಿ ಹೊತ್ತು ಬೇಕಾಗಲಿಲ್ಲ. ಜುಲೈಯಲ್ಲಿ ಡೇಟಾಬೇಸಿನ ಪಾಸ್‌ವರ್ಡ್ ಬದಲಿಸಿದ್ದೆ. ನನ್ನ ಸ್ಕ್ರಿಪ್ಟಿನ ಫೈಲ್‌ನಲ್ಲಿ ಹಳೆಯದೇ ಉಳಿದಿತ್ತು. ಡಂಪ್ ಒಳಗೆ ಹೋಗಲಾಗದೆ ಮೊದಲ ಹೆಜ್ಜೆಯಲ್ಲೇ ನಿಲ್ಲುತ್ತಿತ್ತು. ಆದರೆ ಶೆಲ್‌ನಲ್ಲಿ ಎರಡು ಕಮಾಂಡ್‌ಗಳನ್ನು, ಒಂದು ಕೊಟ್ಟದ್ದು ಇನ್ನೊಂದಕ್ಕೆ ಹೋಗುವ ಹಾಗೆ ಪೈಪ್‌ನಿಂದ ಜೋಡಿಸಿದರೆ, ಕೊನೆಯ ಕಮಾಂಡ್ ಗೆದ್ದರೆ ಇಡೀ ಸಾಲು ಗೆದ್ದ ಹಾಗೆ ಲೆಕ್ಕ. ಕೊನೆಯಲ್ಲಿದ್ದದ್ದು ಜಿಜಿಪ್. ಅದು ಖಾಲಿಯನ್ನು ಚೆನ್ನಾಗಿಯೇ ಕಟ್ಟಿ ಕೊಟ್ಟು ಗೆದ್ದಿತ್ತು. ಎರರ್ ಸಂದೇಶ ಮಾತ್ರ, ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಕ್ರಾನ್ ಮೂಲಕ ರೂಟ್ ಬಳಕೆದಾರನ ಮೇಲ್‌ಗೆ ದಿನಾ ಹೋಗಿ ಬಿದ್ದಿತ್ತು. ಸರ್ವರ್ ಒಳಗಿನ ಆ ಮೇಲ್ ಪೆಟ್ಟಿಗೆಯನ್ನು ಯಾರೂ ತೆರೆಯುವುದಿಲ್ಲ.

ಆಗ ನೆನಪಾದದ್ದು ಗಿಟ್‌ಲ್ಯಾಬ್, ತಂತ್ರಾಂಶ ಬರೆಯುವವರ ಕೋಡ್ ಇಟ್ಟುಕೊಡುವ ಕಂಪನಿ. 2017ರ ಜನವರಿ 31ರ ರಾತ್ರಿ ಅವರ ಎಂಜಿನಿಯರ್ ಒಬ್ಬರು ಎರಡನೆಯ ಸರ್ವರ್‌ನಲ್ಲಿ ಅಳಿಸಬೇಕಾದ ಡೇಟಾ ಫೋಲ್ಡರನ್ನು ಮುಖ್ಯ ಸರ್ವರ್‌ನಲ್ಲಿ ಅಳಿಸಿದರು. ಬ್ಯಾಕಪ್ ಹುಡುಕಿದರೆ ಅದು ಇರಲೇ ಇಲ್ಲ. ಅವರ ಡೇಟಾಬೇಸ್ ಪೋಸ್ಟ್‌ಗ್ರೆಸ್ 9.6. ಬ್ಯಾಕಪ್ ಕೆಲಸ ಓಡಿಸುತ್ತಿದ್ದದ್ದು 9.2 ಆವೃತ್ತಿಯ ಪಿಜಿ ಡಂಪ್. ಆವೃತ್ತಿ ಹೊಂದದೆ ಅದು ದಿನಾ ನಿಲ್ಲುತ್ತಿತ್ತು. ಎಚ್ಚರಿಸುವ ಮೇಲ್‌ಗಳನ್ನು ಮೇಲ್ ಸರ್ವರ್ ತಿರಸ್ಕರಿಸುತ್ತಿತ್ತು. ಕೊನೆಗೆ ಅವರನ್ನು ಉಳಿಸಿದ್ದು ಬೇರೆ ಯಾವುದೋ ಕೆಲಸಕ್ಕೆಂದು ಆರು ಗಂಟೆ ಮೊದಲು ಕೈಯಿಂದ ತೆಗೆದಿದ್ದ ಒಂದು ಸ್ನ್ಯಾಪ್‌ಶಾಟ್. ಈ ಕತೆಯನ್ನು ನಾನು ಲ್ಯಾಬಿನ ಹುಡುಗರಿಗೆ ಪಾಠ ಮಾಡುವಾಗ ಹೇಳಿದ್ದೆ. ನನ್ನ ಸರ್ವರ್‌ನಲ್ಲಿ ಅದನ್ನೇ ನೋಡಿರಲಿಲ್ಲ. ಇದು ನನಗೆ ತುಂಬಾ ನೋವು ಕೊಟ್ಟ ವಿಷಯ. ಒಂದು ವೇಳೆ ದಂಡದ ಲೆಕ್ಕ ಹೋಗಿದ್ದರೆ, ಪರೀಕ್ಷೆಗೆ ಮೊದಲು ನೋ ಡ್ಯೂ ಸಹಿಗಾಗಿ ಬರುವ ಹುಡುಗರಿಗೆ ಏನು ಹೇಳುವುದು?

ಇನ್ನೊಂದು ದಾರಿ ಉಳಿದಿತ್ತು. ಕೋಹಾದ ಡೆಬಿಯನ್ ಪ್ಯಾಕೇಜ್ ತಾನಾಗಿಯೇ ದಿನಾ ಒಂದು ಡಂಪ್ ತೆಗೆಯುತ್ತದೆ. ಪಾಸ್‌ವರ್ಡನ್ನು ಕೋಹಾದ ಕಾನ್ಫಿಗ್ ಫೈಲಿನಿಂದಲೇ ಓದುವುದರಿಂದ ಅದು ನಿಂತಿರಲಿಕ್ಕಿಲ್ಲ. ಆದರೆ ಅದು ಇಡುವುದು ಎರಡು ದಿನದ್ದು ಮಾತ್ರ. ಇಡುವ ಜಾಗವೂ ಅದೇ ಸರ್ವರ್, ಅದೇ ಡಿಸ್ಕ್.

ಜೂನ್ 11 ರಾತ್ರಿಯಿಂದ 12 ಬೆಳಗಿನವರೆಗೆ

ಡಿಸ್ಕಿನ ಪೂರ್ತಿ ನಕಲು ತೆಗೆಯಲು ಜಿಎನ್‌ಯು ಡಿಡಿರೆಸ್ಕ್ಯೂ ಬಳಸಿದೆ. ಮಾಮೂಲಿ ಡಿಡಿ ಕಮಾಂಡ್ ಇಲ್ಲಿ ಬೇಡ. ಅದು ಮೊದಲ ಎರರ್‌ಗೇ ನಿಲ್ಲುತ್ತದೆ. ಡಿಡಿರೆಸ್ಕ್ಯೂ ಮೊದಲು ಸುಲಭವಾಗಿ ಓದಲು ಬರುವ ಜಾಗವನ್ನೆಲ್ಲ ತೆಗೆದುಕೊಳ್ಳುತ್ತದೆ. ಕೆಟ್ಟ ಜಾಗವನ್ನು ಒಂದು ಮ್ಯಾಪ್ ಫೈಲ್‌ನಲ್ಲಿ ಗುರುತು ಹಾಕಿಟ್ಟು ಆಮೇಲೆ ಬರುತ್ತದೆ. ಮಧ್ಯದಲ್ಲಿ ಕರೆಂಟ್ ಹೋದರೂ ಆ ಮ್ಯಾಪ್ ನೋಡಿ ನಿಂತಲ್ಲಿಂದ ಮುಂದುವರಿಯುತ್ತದೆ. ಆ ರಾತ್ರಿ ಒಂದು ಸಲ ಹೋಯಿತು ಕೂಡ.

ಮೊದಲ ಸುತ್ತಿನಲ್ಲಿ ಕೆರೆಯುವ ಕೆಲಸ ಬೇಡ ಎಂಬ ಆಯ್ಕೆ ಕೊಟ್ಟೆ. 500 ಜಿಬಿ ಡಿಸ್ಕ್ ಮುಗಿಯಲು ಏಳು ಗಂಟೆ ಹಿಡಿಯಿತು. ಎರಡನೆಯ ಸುತ್ತಿನಲ್ಲಿ ಕೆಟ್ಟ ಜಾಗಗಳನ್ನು ಮೂರು ಸಲ ಪ್ರಯತ್ನಿಸಲು ಹೇಳಿದೆ. ಕೊನೆಗೆ ಓದಲಾಗದೆ ಉಳಿದದ್ದು 3 ಎಂಬಿಗಿಂತ ಕಡಿಮೆ. ಆಮೇಲೆ ಮೂಲ ಡಿಸ್ಕನ್ನು ಕವರ್‌ಗೆ ಹಾಕಿ ಅಲ್ಮೇರಾದಲ್ಲಿಟ್ಟೆ. ಇನ್ನು ಅದನ್ನು ಮುಟ್ಟುವ ಹಾಗಿಲ್ಲ. ಏನೇ ಪ್ರಯೋಗ ಮಾಡಿದರೂ ನಕಲಿನ ನಕಲಿನ ಮೇಲೆ.

ನಕಲನ್ನು ಓದಲು ಮಾತ್ರ ಬರುವ ಹಾಗೆ ಮೌಂಟ್ ಮಾಡಿದೆ. ಕೋಹಾದ ಡಂಪ್ ಸಿಕ್ಕಿತು! ಮಂಗಳವಾರ ಬೆಳಿಗ್ಗೆ 6:25ರದ್ದು. ಡೆಬಿಯನ್‌ನಲ್ಲಿ ದಿನದ ಕ್ರಾನ್ ಕೆಲಸಗಳು ಓಡುವ ಸಮಯ ಅದು. ಜಿಜಿಪ್ ಪರೀಕ್ಷೆಯಲ್ಲಿ ಪಾಸ್. ಬಿಚ್ಚಿ ಕೊನೆಯ ಸಾಲು ನೋಡಿದೆ. ಡಂಪ್ ಮುಗಿದ ದಿನಾಂಕ ಮತ್ತು ಸಮಯ ಇದೆ. ಈ ಕೊನೆಯ ಸಾಲು ಇದೆಯೇ ಅಂತ ನೋಡುವುದು ಚಿಕ್ಕ ಕೆಲಸ, ಆದರೆ ತುಂಬಾ ಬೆಲೆಯುಳ್ಳದ್ದು. ಮಧ್ಯದಲ್ಲಿ ತುಂಡಾದ ಡಂಪ್‌ನಲ್ಲಿ ಅದು ಇರುವುದಿಲ್ಲ.

ಹಾಗಾದರೆ ಈಗ ಕೈಯಲ್ಲಿ ಇಲ್ಲದ್ದು ಮಂಗಳವಾರ ಒಂದು ದಿನದ ವ್ಯವಹಾರ. ಡೇಟಾಬೇಸಿನ ಪ್ರತಿ ಬದಲಾವಣೆಯನ್ನೂ ಸಾಲಾಗಿ ಬರೆದಿಡುವ ಬೈನರಿ ಲಾಗ್ ಇದ್ದಿದ್ದರೆ ಅದೂ ಸುಲಭ ಇತ್ತು. ಮೈಎಸ್‌ಕ್ಯುಎಲ್ 8ರಲ್ಲಿ ಅದು ಮೊದಲಿಂದಲೇ ಆನ್ ಇರುತ್ತದೆ. ಮರಿಯಾಡಿಬಿಯಲ್ಲಿ ನಾವೇ ಆನ್ ಮಾಡಬೇಕು. ನಾನು ಮಾಡಿರಲಿಲ್ಲ.

ಜೂನ್ 12, ಗುರುವಾರ

ಮಂಗಳವಾರದ ದಿನವನ್ನು ಹುಡುಕಿ ತೆಗೆಯಲು ಉಳಿದದ್ದು ಡಿಸ್ಕ್ ನಕಲಿನಲ್ಲಿದ್ದ ಡೇಟಾಬೇಸಿನ ಮೂಲ ಫೈಲ್‌ಗಳು. ಈ ಫೈಲ್‌ಗಳನ್ನು ಯಾವುದೋ ಆವೃತ್ತಿಯ ಮರಿಯಾಡಿಬಿಗೆ ಕೊಡುವ ಹಾಗಿಲ್ಲ. ಹೊಸ ಆವೃತ್ತಿ ಬರೆದದ್ದನ್ನು ಹಳೆಯದು ಓದಲಾರದು. ಹಾಗಾಗಿ ವರ್ಚುವಲ್ ಮೆಷಿನ್ ಒಂದರಲ್ಲಿ ಅದೇ ಡೆಬಿಯನ್ 11, ಅದೇ 10.5 ಹಾಕಿದೆ.

ಇನ್ನೊಡಿಬಿಗೆ ಫೋರ್ಸ್ ರಿಕವರಿ ಅಂತ ಒಂದು ಸೆಟ್ಟಿಂಗ್ ಇದೆ. 1ರಿಂದ 6ರವರೆಗೆ. 1 ಅಂದರೆ, ಕೆಟ್ಟ ಪೇಜ್ ಸಿಕ್ಕರೂ ಬೀಳಬೇಡ, ಮುಂದೆ ಹೋಗು. ಸಂಖ್ಯೆ ಏರಿದ ಹಾಗೆ ಇನ್ನೊಡಿಬಿ ತನ್ನ ಒಂದೊಂದು ಕಾವಲನ್ನು ಬಿಟ್ಟುಕೊಡುತ್ತದೆ. 4 ಮತ್ತು ಮೇಲಿನದ್ದು ಡೇಟಾ ಫೈಲನ್ನು ಶಾಶ್ವತವಾಗಿ ಕೆಡಿಸಬಹುದು. ಇಂಟರ್‌ನೆಟ್‌ನಲ್ಲಿ ಎಷ್ಟೋ ಕಡೆ ನೇರವಾಗಿ 6 ಹಾಕಿ ಅಂತ ಸಲಹೆ ಕೊಟ್ಟಿರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. 1ರಿಂದ ಶುರುಮಾಡಿ, ಒಂದೊಂದೇ ಏರಿಸಿ, ಅದೂ ನಕಲಿನ ಮೇಲೆ ಮಾತ್ರ.

ನಮಗೆ 1ರಲ್ಲೇ ಎದ್ದಿತು. ಇಡೀ ಡೇಟಾಬೇಸನ್ನು ಒಟ್ಟಿಗೆ ಡಂಪ್ ಮಾಡದೆ, ಒಂದೊಂದು ಟೇಬಲ್‌ಗೆ ಒಂದೊಂದು ಫೈಲ್ ತೆಗೆದೆ. ಒಟ್ಟಿಗೆ ಹೋದರೆ ಕೆಟ್ಟ ಟೇಬಲ್ ಬಂದಾಗ ಎಲ್ಲವೂ ನಿಲ್ಲುತ್ತದೆ. ಬಿಡಿಬಿಡಿಯಾಗಿ ತೆಗೆದದ್ದಕ್ಕೆ ಗೊತ್ತಾಯಿತು, ಕೆಟ್ಟದ್ದು ಎರಡೇ ಟೇಬಲ್: ಸ್ಟ್ಯಾಟಿಸ್ಟಿಕ್ಸ್ ಮತ್ತು ಆಕ್ಷನ್ ಲಾಗ್ಸ್. ಎರಡೂ ದಾಖಲೆಗೆ ಇರುವ ಟೇಬಲ್‌ಗಳು. ಇವುಗಳಲ್ಲಿ ಒಂದು ದಿನ ಹೋದರೆ ತಿಂಗಳ ವರದಿಯಲ್ಲಿ ಒಂದು ದಿನ ಕಮ್ಮಿ ಬರುತ್ತದೆ, ಅಷ್ಟೆ. ಪುಸ್ತಕಗಳು, ಸದಸ್ಯರು, ಈಗ ಹೊರಗಿರುವ ಪುಸ್ತಕಗಳ ಇಶ್ಯೂಸ್, ವಾಪಸ್ ಬಂದವುಗಳ ಓಲ್ಡ್ ಇಶ್ಯೂಸ್, ದಂಡದ ಅಕೌಂಟ್‌ಲೈನ್ಸ್, ಎಲ್ಲವೂ ಪೂರ್ತಿ ಬಂದವು.

ಮೊದಲು ಮಂಗಳವಾರ ಬೆಳಗಿನ ಡಂಪನ್ನು ಲ್ಯಾಬಿನ ಹಳೆಯ ಮೆಷಿನ್‌ನಲ್ಲಿ ತುಂಬಿ ನೋಡೋಣ ಅಂತ ಹೊರಟೆ. ಮೊದಲ ಸಾಲಿನಲ್ಲೇ ಎರರ್. ಗೊತ್ತಿಲ್ಲದ ಕಮಾಂಡ್ ಅಂತ. ಡಂಪೇ ಕೆಟ್ಟಿದೆ ಅಂದುಕೊಂಡು ಎದೆ ಧಸಕ್ಕೆಂದಿತು. ವಿಷಯ ಬೇರೆ. 2024ರ ಮೇ ತಿಂಗಳಿಂದ ಮರಿಯಾಡಿಬಿಯ ಡಂಪ್ ಫೈಲ್‌ಗಳ ಮೊದಲ ಸಾಲಿನಲ್ಲಿ ಸ್ಯಾಂಡ್‌ಬಾಕ್ಸ್ ಮೋಡ್ ಆನ್ ಮಾಡುವ ಒಂದು ಕಾಮೆಂಟ್ ಬರುತ್ತದೆ. ಡಂಪ್ ಒಳಗೆ ಯಾರಾದರೂ ಶೆಲ್ ಕಮಾಂಡ್ ತುರುಕಿದ್ದರೆ ಅದು ಓಡದಿರಲಿ ಅಂತ ತಂದ ರಕ್ಷಣೆ. ಹಳೆಯ ಕ್ಲೈಂಟ್‌ಗೆ, ಮೈಎಸ್‌ಕ್ಯುಎಲ್ ಕ್ಲೈಂಟ್‌ಗೂ, ಆ ಸಾಲು ಅರ್ಥವಾಗುವುದಿಲ್ಲ. ಲ್ಯಾಬಿನದ್ದು 10.3. ನಮ್ಮದೇ ಡಂಪ್ ಆದ್ದರಿಂದ ಎರಡನೆಯ ಸಾಲಿನಿಂದ ಓದಿಸಿದೆ. ಹೋಯಿತು.

ಆಮೇಲೆ ಟರ್ಮಿನಲ್‌ನಲ್ಲಿ ಪುಸ್ತಕಗಳ ಹೆಸರು ನೋಡಿದರೆ ಎಲ್ಲವೂ ಪ್ರಶ್ನಾರ್ಥಕ ಚಿಹ್ನೆ. ಕನ್ನಡ ಡೇಟಾ ಇಟ್ಟುಕೊಂಡವರು ಎಲ್ಲರೂ ಈ ಜಾಗಕ್ಕೆ ಒಂದಲ್ಲ ಒಂದು ದಿನ ಬರುತ್ತಾರೆ. ಇಲ್ಲಿ ಎರಡು ಸಾಧ್ಯತೆ ಇದೆ. ಒಳಗೆ ಕನ್ನಡ ಸರಿಯಾಗಿದ್ದು, ತೋರಿಸುವ ಕ್ಲೈಂಟ್ ಕನ್ನಡ ಅಕ್ಷರಗಳೇ ಇಲ್ಲದ ಲ್ಯಾಟಿನ್-1ರಲ್ಲಿ ಮಾತಾಡುತ್ತಿರಬಹುದು. ಇಲ್ಲವೇ ನಿಜವಾಗಿಯೇ ಒಳಗೆ ಪ್ರಶ್ನೆ ಚಿಹ್ನೆಗಳೇ ಕೂತಿರಬಹುದು. ಕಣ್ಣಿಗೆ ಎರಡೂ ಒಂದೇ. ಹೆಕ್ಸ್ ಫಂಕ್ಷನ್ ಹಾಕಿ ಬೈಟ್ ನೋಡಿದರೆ ಮಾತ್ರ ಗೊತ್ತಾಗುತ್ತದೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಮೂಲ ಅಕ್ಷರ, ಪ್ರತಿ ಗುಣಿತ ಚಿಹ್ನೆ 3 ಬೈಟ್. ಮೊದಲ ಬೈಟ್ ಯಾವಾಗಲೂ ಇ0. ಎರಡನೆಯದು ಬಿ2 ಅಥವಾ ಬಿ3. ನಮ್ಮ 'ಕ' ಅಂದರೆ ಇ0, ಬಿ2, 95. ನಿಜವಾದ ಪ್ರಶ್ನೆ ಚಿಹ್ನೆ ಆಗಿದ್ದರೆ ಬರೇ 3ಎಫ್ ಸಾಲು ಕಾಣುತ್ತಿತ್ತು. ಕಂಡದ್ದು ಇ0, ಬಿ2. ಕ್ಲೈಂಟ್‌ಗೆ ಯುಟಿಎಫ್-8-ಎಂಬಿ4 ಅಂತ ಹೇಳಿದ ಕೂಡಲೇ ಹೆಸರುಗಳು ಸರಿಯಾಗಿ ಬಂದವು. ತಪ್ಪಾಗಿ ಕಾಣುವ ಸಂಪರ್ಕದಿಂದಲೇ ಡೇಟಾ ಓದಿ ಮತ್ತೆ ಬರೆದುಬಿಟ್ಟರೆ ಮಾತ್ರ ಕನ್ನಡ ಶಾಶ್ವತವಾಗಿ ಹೋಗುತ್ತದೆ. ಹಾಗಾಗಿ ಹೆಕ್ಸ್ ನೋಡದೆ ಏನನ್ನೂ ಸರಿಮಾಡಲು ಹೋಗಬಾರದು.

ಇನ್ನೂ 600 ಪುಸ್ತಕಗಳ ಹೆಸರು ಮಾತ್ರ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಹಳೆಯ ಡಂಪ್ ತೆಗೆದು ನೋಡಿದೆ. ಅಲ್ಲೂ ಹಾಗೆಯೇ. ಮೇಡಂಗೆ ತೋರಿಸಿದೆ. "ಅಯ್ಯೋ, ಅದು ನುಡಿಯಲ್ಲಿ ಟೈಪ್ ಮಾಡಿದ್ದಲ್ವಾ ಸರ್. ಹಳೇ ಸಿಸ್ಟಂನಿಂದ ಬಂದದ್ದು" ಅಂದರು. ಸರಿಯೇ. ಯುನಿಕೋಡ್ ಬರುವ ಮೊದಲು ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದು ಒಳಗೆ ಇಂಗ್ಲಿಷ್ ಅಕ್ಷರಗಳಾಗಿಯೇ ಕೂತಿರುತ್ತದೆ. ಆ ಫಾಂಟ್ ಹಾಕಿದರೆ ಕನ್ನಡವಾಗಿ ಕಾಣುತ್ತದೆ. ಅದನ್ನು ಆವತ್ತೇ ಯುನಿಕೋಡ್ ಮಾಡಿಬಿಡೋಣ ಅನಿಸಿತು. ಬೇಡ ಅಂದುಕೊಂಡೆ. ರಿಸ್ಟೋರ್ ಮಾಡುವ ದಿನ ಡೇಟಾ ಹೇಗಿತ್ತೋ ಹಾಗೆ ವಾಪಸ್ ಬರಬೇಕು. ಶುಚಿ ಮಾಡುವ ಕೆಲಸ ಜೊತೆಗೆ ಸೇರಿಸಿದರೆ, ಆಮೇಲೆ ಯಾವ ವ್ಯತ್ಯಾಸ ಎಲ್ಲಿಂದ ಬಂತು ಅಂತ ಹೇಳಲಾಗುವುದಿಲ್ಲ.

ಜೂನ್ 13, ಶುಕ್ರವಾರ

ಹೊಸ ಎಸ್‌ಎಸ್‌ಡಿ ಎರಡು ಬಂದವು. ಡೆಬಿಯನ್ 12 ಹಾಕಿ, ಕೋಹಾ ಮಾತ್ರ ಮೊದಲಿದ್ದ ಆವೃತ್ತಿಯನ್ನೇ ಹಾಕಿದೆ. ಮೊದಲು ಅದೇ ಆವೃತ್ತಿಯಲ್ಲಿ ಸರಿಯಾಗಿ ನಿಲ್ಲಲಿ, ಅಪ್‌ಗ್ರೇಡ್ ಇನ್ನೊಂದು ವಾರ.

ಕೋಹಾದ ರಿಸ್ಟೋರ್ ಕಮಾಂಡ್‌ಗೆ ಎರಡು ಫೈಲ್ ಬೇಕು. ಒಂದು ಎಸ್‌ಕ್ಯುಎಲ್ ಡಂಪ್, ಇನ್ನೊಂದು ಕಾನ್ಫಿಗ್ ಕಟ್ಟು. ಎಷ್ಟೋ ಜನ ಮೊದಲನೆಯದನ್ನು ಮಾತ್ರ ಎತ್ತಿಡುತ್ತಾರೆ. ಎರಡನೆಯದರಲ್ಲಿ ಡೇಟಾಬೇಸ್ ಪಾಸ್‌ವರ್ಡ್, ಸೈಟ್‌ನ ಅಪಾಚೆ ಸೆಟ್ಟಿಂಗ್, ಕೋಹಾದ ಕೀ ಎಲ್ಲ ಇರುತ್ತವೆ. ನನ್ನ ಹಳೆಯ ಸ್ಕ್ರಿಪ್ಟ್ ಸರಿಯಾಗಿ ಓಡುತ್ತಿದ್ದ ಕಾಲದಲ್ಲೂ ಇದನ್ನು ಎತ್ತಿಡುತ್ತಿರಲಿಲ್ಲ.

ಮಂಗಳವಾರ ಬೆಳಗಿನ ಡಂಪ್ ಮೊದಲು. ಅದರ ಮೇಲೆ, ನಕಲಿನಿಂದ ತೆಗೆದ ಬಿಡಿ ಟೇಬಲ್‌ಗಳು. ಕೆಟ್ಟ ಎರಡು ಟೇಬಲ್ ಬಿಟ್ಟು. ಇಲ್ಲಿ ಒಂದು ಮುಖ್ಯ ವಿಷಯ. ಡಂಪ್ ಫೈಲ್ ತುಂಬುವಾಗ ಫಾರಿನ್ ಕೀ ಪರೀಕ್ಷೆಯನ್ನು (ಒಂದು ಟೇಬಲ್ ಹೇಳುವ ಸಾಲು ಇನ್ನೊಂದು ಟೇಬಲ್‌ನಲ್ಲಿ ನಿಜವಾಗಿ ಇದೆಯೇ ಎಂಬ ಪರೀಕ್ಷೆ) ತಾನೇ ಆಫ್ ಮಾಡಿಕೊಳ್ಳುತ್ತದೆ. ಇಲ್ಲದಿದ್ದರೆ ಟೇಬಲ್‌ಗಳನ್ನು ಸರಿಯಾದ ಕ್ರಮದಲ್ಲೇ ತುಂಬಬೇಕಾಗುತ್ತದೆ. ಮುಗಿದ ಮೇಲೆ ಮತ್ತೆ ಆನ್ ಆಗುತ್ತದೆ, ನಿಜ. ಆದರೆ ಆನ್ ಆದಾಗ ಹಿಂದೆ ತುಂಬಿದ್ದನ್ನು ಪರೀಕ್ಷಿಸುವುದಿಲ್ಲ. ಎರಡು ಕಡೆಯಿಂದ ಜೋಡಿಸಿದ ಡೇಟಾಬೇಸ್ ಆದ್ದರಿಂದ ನಾನೇ ಕೇಳಿ ನೋಡಬೇಕಿತ್ತು. ಸದಸ್ಯರೇ ಇಲ್ಲದ ಇಶ್ಯೂ ಇದೆಯೇ? ಪುಸ್ತಕವೇ ಇಲ್ಲದ ಇಶ್ಯೂ ಇದೆಯೇ? ಒಂದೇ ಇಶ್ಯೂ ನಂಬರ್ ಇಶ್ಯೂಸ್ ಮತ್ತು ಓಲ್ಡ್ ಇಶ್ಯೂಸ್ ಎರಡರಲ್ಲೂ ಇದೆಯೇ? ಮೂರಕ್ಕೂ ಉತ್ತರ ಸೊನ್ನೆ. ಕೊನೆಯ ಪ್ರಶ್ನೆ ಕೋಹಾ ಬಳಸುವವರಿಗೆ ಮುಖ್ಯ. ಮರಿಯಾಡಿಬಿ 10.2.4ಕ್ಕಿಂತ, ಮೈಎಸ್‌ಕ್ಯುಎಲ್ 8ಕ್ಕಿಂತ ಹಳೆಯದರಲ್ಲಿ ಸರ್ವರ್ ರೀಸ್ಟಾರ್ಟ್ ಆದಾಗ ಮುಂದಿನ ನಂಬರ್ ಯಾವುದೆಂಬ ನೆನಪು ಹೋಗುತ್ತದೆ. ಟೇಬಲ್‌ನಲ್ಲಿ ಉಳಿದ ದೊಡ್ಡ ನಂಬರ್‌ಗೆ ಒಂದು ಸೇರಿಸಿ ಕೊಡುತ್ತದೆ. ವಾಪಸ್ ಬಂದ ಪುಸ್ತಕದ ಹಳೆಯ ನಂಬರ್ ಮತ್ತೆ ಹುಟ್ಟಿ ಡಿಕ್ಕಿ ಹೊಡೆಯುತ್ತದೆ.

ಸೈಟ್ ತೆರೆಯಿತು. ಪುಸ್ತಕ ಹುಡುಕಿದರೆ ಒಂದೂ ಸಿಗಲಿಲ್ಲ. ಮೇಡಂ ಮುಖ ಬಾಡಿತು. ಇದು ಮಾತ್ರ ನನಗೆ ಮೊದಲೇ ಗೊತ್ತಿತ್ತು. ಕೋಹಾ ಹುಡುಕುವುದು ಡೇಟಾಬೇಸಿನಲ್ಲಿ ಅಲ್ಲ, ಝೀಬ್ರಾ ಎಂಬ ಬೇರೆ ಇಂಡೆಕ್ಸ್‌ನಲ್ಲಿ. ಅದು ಎಸ್‌ಕ್ಯುಎಲ್ ಡಂಪ್ ಜೊತೆ ಬರುವುದಿಲ್ಲ. ಹೊಸದಾಗಿ ಕಟ್ಟಲು ಹೇಳಿದೆ. ಒಂಬತ್ತು ನಿಮಿಷ ಹಿಡಿಯಿತು. "ಮಲೆ" ಅಂತ ಟೈಪ್ ಮಾಡಿದರು. ಸಾಲು ಸಾಲು ಪುಸ್ತಕ ಬಂದವು.

ಕೊನೆಗೆ ರಿಜಿಸ್ಟರ್. ಮೇಡಂ ಕೋಹಾ ಇದ್ದಾಗಲೂ ಇಶ್ಯೂಗಳನ್ನು ಕೈಯಲ್ಲಿ ಬರೆದಿಡುತ್ತಾರೆ. ಇದು ಸುಮ್ನೆ ಎರಡು ಕೆಲಸ ಅಂತ ಎಷ್ಟೋ ಸಲ ನಾನೇ ಹೇಳಿದ್ದೆ. ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡೆ. ಮಂಗಳವಾರ ರಿಜಿಸ್ಟರ್‌ನಲ್ಲಿ 143 ಸಾಲು. ಡೇಟಾಬೇಸಿನಲ್ಲಿ 141. ಕೂತು ಒಂದೊಂದೇ ಹೊಂದಿಸಿದೆವು. ಉಳಿದ ಎರಡು, ಕರೆಂಟ್ ಹೋದ ಮೇಲೆ ಟಾರ್ಚ್ ಬೆಳಕಿನಲ್ಲಿ ಕೊಟ್ಟ ಪುಸ್ತಕಗಳು. ಅಲ್ಲಿಗೆ ಲೆಕ್ಕ ಸರಿಹೋಯಿತು. ಬುಧವಾರದಿಂದ ಕಾಗದದಲ್ಲಿ ಬರೆದದ್ದನ್ನು ಇಬ್ಬರೂ ಸೇರಿ ಸಂಜೆಯೊಳಗೆ ಹಾಕಿದೆವು.

ಜೂನ್ ಕೊನೆಯ ವಾರ: ಹೊಸ ವ್ಯವಸ್ಥೆ

ಎರಡು ಎಸ್‌ಎಸ್‌ಡಿಗಳನ್ನು ಕನ್ನಡಿಯ ಹಾಗೆ ಜೋಡಿಸಿದೆ. ಒಂದು ಸತ್ತರೂ ಸರ್ವರ್ ನಿಲ್ಲುವುದಿಲ್ಲ. ಇದನ್ನು ಬ್ಯಾಕಪ್ ಅಂತ ಲೆಕ್ಕ ಹಾಕುವ ಹಾಗಿಲ್ಲ. ತಪ್ಪಾಗಿ ಒಂದು ಟೇಬಲ್ ಅಳಿಸಿದರೆ ಅದೇ ಕ್ಷಣದಲ್ಲಿ ಎರಡೂ ಕಡೆ ಅಳಿಸುತ್ತದೆ.

ಬೈನರಿ ಲಾಗ್ ಆನ್ ಮಾಡಿದೆ. ಅದನ್ನು ಮೂರನೆಯ ಡಿಸ್ಕ್ ಒಂದಕ್ಕೆ ಬರೆಸಿದೆ. ಮರಿಯಾಡಿಬಿಯಲ್ಲಿ ಸಿಂಕ್ ಬಿನ್‌ಲಾಗ್ ಸೆಟ್ಟಿಂಗ್ ಮೊದಲಿಗೆ 0 ಇರುತ್ತದೆ. ಅಂದರೆ ಲಾಗ್ ಯಾವಾಗ ಡಿಸ್ಕ್ ಸೇರಬೇಕು ಅನ್ನುವುದು ಆಪರೇಟಿಂಗ್ ಸಿಸ್ಟಂನ ಇಷ್ಟ. ಮಳೆಗಾಲದಲ್ಲಿ ದಿನಾ ಕರೆಂಟ್ ಹೋಗುವ ಊರಿನಲ್ಲಿ ಇದು ನಡೆಯದು. 1 ಮಾಡಿದೆ.

ಡಂಪ್ ತೆಗೆಯುವಾಗ ಸಿಂಗಲ್ ಟ್ರಾನ್ಸಾಕ್ಷನ್ ಆಯ್ಕೆ ಹಾಕಿದ್ದೇನೆ. ಇದರಿಂದ ಕೌಂಟರ್ ಕೆಲಸ ನಿಲ್ಲಿಸದೆ ಒಂದೇ ಕ್ಷಣದ ಚಿತ್ರ ಸಿಗುತ್ತದೆ. ಇದು ಇನ್ನೊಡಿಬಿ ಟೇಬಲ್‌ಗಳಿಗೆ ಮಾತ್ರ ನಿಜ. ಹಳೆಯ ಮೈಐಸ್ಯಾಮ್ ಟೇಬಲ್ ಉಳಿದಿದ್ದರೆ ಅದರ ಚಿತ್ರ ಆ ಕ್ಷಣದ್ದೇ ಎಂಬ ಭರವಸೆ ಇಲ್ಲ. ಡಂಪ್ ನಡೆಯುವಾಗ ಟೇಬಲ್ ರಚನೆ ಬದಲಿಸುವ ಕೆಲಸವೂ ಬೇಡ. ಅಂದರೆ ಕೋಹಾ ಅಪ್‌ಗ್ರೇಡ್ ಆ ಹೊತ್ತಿಗೆ ಬೇಡ. ಜೊತೆಗೆ, ಬೈನರಿ ಲಾಗ್‌ನ ಯಾವ ಜಾಗದಲ್ಲಿ ಈ ಚಿತ್ರ ತೆಗೆದದ್ದು ಅನ್ನುವುದನ್ನು ಡಂಪ್‌ನ ಮೇಲ್ಭಾಗದಲ್ಲೇ ಕಾಮೆಂಟ್ ಆಗಿ ಬರೆಸುವ ಆಯ್ಕೆ.

ಸ್ಕ್ರಿಪ್ಟ್‌ನ ಮೊದಲ ಸಾಲಿನಲ್ಲೇ ಪೈಪ್‌ಫೇಲ್. ಪೈಪ್‌ನ ಯಾವ ತುಂಡು ಸೋತರೂ ಇಡೀ ಸಾಲು ಸೋಲಬೇಕು. ಡಂಪ್ ಮೊದಲು ತಾತ್ಕಾಲಿಕ ಹೆಸರಿನಲ್ಲಿ ಬೀಳುತ್ತದೆ. ಜಿಜಿಪ್ ಸರಿ ಇದೆಯೇ, ಕೊನೆಯ ಸಾಲು ಇದೆಯೇ, ಗಾತ್ರ ನಿನ್ನೆಯದಕ್ಕಿಂತ ನೂರಕ್ಕೆ ಹತ್ತರಷ್ಟು ಕುಗ್ಗಿದೆಯೇ ಅಂತ ನೋಡುತ್ತದೆ. ಎಲ್ಲ ದಾಟಿದರೆ ಮಾತ್ರ ನಿಜವಾದ ಹೆಸರು ಸಿಗುತ್ತದೆ. ಸೋತರೆ ಮೇಲ್ ಕಳಿಸುವುದನ್ನು ಬಿಟ್ಟುಬಿಟ್ಟೆ. ಗೆದ್ದರೆ ಮಾತ್ರ ಒಂದು ಸಾಲು ಬರುತ್ತದೆ: ದಿನಾಂಕ, ಗಾತ್ರ, ಹೊರಗಿರುವ ಪುಸ್ತಕಗಳ ಸಂಖ್ಯೆ. ಮೇಡಂ ಬೆಳಿಗ್ಗೆ ಬಂದ ಕೂಡಲೇ ಅದನ್ನು ರಿಜಿಸ್ಟರ್‌ನ ಆ ದಿನದ ಪುಟದ ಮೇಲೆ ಬರೆಯುತ್ತಾರೆ. ಸಾಲು ಬಾರದ ದಿನ ನನಗೆ ಫೋನ್ ಬರುತ್ತದೆ. ಮೆಷಿನ್ ಪೂರ್ತಿ ಸತ್ತರೆ ಅದು ಎಚ್ಚರಿಕೆಯನ್ನೂ ಕಳಿಸಲಾರದು, ಅಲ್ವಾ.

ಡಂಪ್‌ನಲ್ಲಿ 2,300 ಮಕ್ಕಳ ಫೋನ್ ನಂಬರ್, ಮನೆ ವಿಳಾಸ ಇದೆ. ಹಾಗಾಗಿ ಹೊರಗೆ ಹೋಗುವ ಪ್ರತಿ ನಕಲಿಗೂ ಬೀಗ. ಏಜ್ ಎಂಬ ತಂತ್ರಾಂಶ ಬಳಸಿದೆ. ಸರ್ವರ್‌ನಲ್ಲಿ ಬೀಗ ಹಾಕುವ ಕೀ ಮಾತ್ರ ಇದೆ. ತೆಗೆಯುವ ಕೀ ಎರಡು ಕಾಗದದಲ್ಲಿ ಪ್ರಿಂಟ್ ಆಗಿ, ಒಂದು ಪ್ರಿನ್ಸಿಪಾಲರ ಅಲ್ಮೇರಾದಲ್ಲಿ, ಒಂದು ನನ್ನ ಮನೆಯಲ್ಲಿ. ಯುಎಸ್‌ಬಿ ಹಾರ್ಡ್ ಡಿಸ್ಕ್ ಈಗ ಎರಡು. ಪ್ರತಿ ಸೋಮವಾರ ಅದಲು ಬದಲು. ಪ್ಲಗ್‌ನಲ್ಲಿ ಇರದ ಡಿಸ್ಕ್ ಹಾಸ್ಟೆಲ್ ಆಫೀಸಿನಲ್ಲಿ. ಅದಕ್ಕೆ ಸಿಡಿಲೂ ತಗಲುವುದಿಲ್ಲ, ವೈರಸ್ಸೂ ತಲುಪುವುದಿಲ್ಲ.

ಜುಲೈ 5, ಮೊದಲ ಶನಿವಾರ: ಮೊದಲ ಅಭ್ಯಾಸ

ಪ್ರತಿ ತಿಂಗಳ ಮೊದಲ ಶನಿವಾರ, ಲ್ಯಾಬಿನ ಒಂದು ಮೆಷಿನ್‌ನಲ್ಲಿ ಡಂಪ್ ತುಂಬಿ ನೋಡಬೇಕು ಅಂತ ತೀರ್ಮಾನ. ಇದನ್ನು ನಿಜವಾದ ಸರ್ವರ್‌ನಲ್ಲೇ ಬೇರೆ ಹೆಸರಿನ ಡೇಟಾಬೇಸ್ ಮಾಡಿ ತುಂಬಿದರಾಯಿತು ಅಂತ ಯಾರಿಗಾದರೂ ಅನಿಸಬಹುದು. ಅಪಾಯ. ಡೇಟಾಬೇಸಸ್ ಆಯ್ಕೆ ಹಾಕಿ ತೆಗೆದ ಡಂಪ್‌ನ ಒಳಗೆ, ಯಾವ ಡೇಟಾಬೇಸಿಗೆ ಹೋಗಬೇಕು ಅನ್ನುವ ಸಾಲು ಇರುತ್ತದೆ. ನೀವು ಟೆಸ್ಟ್ ಅಂತ ಹೆಸರು ಕೊಟ್ಟರೂ ಅದು ನಿಜವಾದ ಡೇಟಾಬೇಸಿಗೇ ಹೋಗಿ, ಅಲ್ಲಿರುವ ಟೇಬಲ್‌ಗಳನ್ನು ಕೆಡವಿ, ಹಳೆಯದನ್ನು ತುಂಬುತ್ತದೆ. ಅಭ್ಯಾಸಕ್ಕೆ ಯಾವಾಗಲೂ ಬೇರೆ ಮೆಷಿನ್.

ರಿಸ್ಟೋರ್ ಚೆನ್ನಾಗಿ ಆಯಿತು. ಆದರೆ ಮಾರನೆಯ ದಿನ 37 ವಿದ್ಯಾರ್ಥಿಗಳಿಗೆ ಪುಸ್ತಕ ತಡವಾಗಿದೆ ಎಂಬ ಮೇಲ್ ಎರಡೆರಡು ಸಲ ಹೋಯಿತು. ಒಂದು ಸರ್ವರ್‌ನಿಂದ, ಇನ್ನೊಂದು ಲ್ಯಾಬಿನ ಮೆಷಿನ್‌ನಿಂದ. ಕಾನ್ಫಿಗ್ ಕಟ್ಟು ಮರಳಿ ಬಂದಾಗ ಮೇಲ್ ಆನ್ ಎಂಬ ಗುರುತೂ ಬಂದಿತ್ತು. ವಾಪಸ್ ಕೊಟ್ಟ ಪುಸ್ತಕಕ್ಕೂ ಸಂದೇಶ ಬಂದ ಹುಡುಗಿಯೊಬ್ಬಳು ಗಾಬರಿಯಾಗಿ ಲೈಬ್ರರಿಗೆ ಓಡಿ ಬಂದಿದ್ದಳು. ಈಗ ಪಟ್ಟಿಯಲ್ಲಿ ಮೊದಲ ಹೆಜ್ಜೆ, ನೆಟ್‌ವರ್ಕ್ ಕೇಬಲ್ ತೆಗೆಯುವುದು. ಎರಡನೆಯದು, ರಿಸ್ಟೋರ್ ಆದ ಕೂಡಲೇ ಕೋಹಾದ ಇಮೇಲ್ ಡಿಸೇಬಲ್ ಕಮಾಂಡ್.

ಆಗಸ್ಟ್ 2, ಶನಿವಾರ

ಈ ಸಲ ಬೈನರಿ ಲಾಗ್ ಪರೀಕ್ಷೆ. ಲ್ಯಾಬ್ ಮೆಷಿನ್‌ನಲ್ಲಿ ಬೆಳಿಗ್ಗೆ ಡಂಪ್ ತೆಗೆದೆ. ಒಂದು ಗಂಟೆ ಸುಮ್ಮನೆ ಇಶ್ಯೂ, ರಿಟರ್ನ್ ಮಾಡಿದೆವು. 11:20ಕ್ಕೆ ಬೇಕೆಂದೇ, ಯಾವ ಸಾಲು ಬದಲಾಗಬೇಕು ಅಂತ ಹೇಳುವ ವೇರ್ ಇಲ್ಲದ ಅಪ್‌ಡೇಟ್ ಓಡಿಸಿದೆ. ಎಲ್ಲ ಸದಸ್ಯರ ಫೋನ್ ನಂಬರ್ ಒಂದೇ ಆಯಿತು. ಆಮೇಲೆ ಇನ್ನೂ ಐದು ಪುಸ್ತಕ ಕೊಟ್ಟೆವು, ನಿಜ ಜೀವನದಲ್ಲಿ ಆಗುವ ಹಾಗೆ.

ಬೆಳಗಿನ ಡಂಪ್ ತುಂಬಿ, ಅದರಲ್ಲಿ ಬರೆದ ಜಾಗದಿಂದ ಲಾಗ್ ಓಡಿಸಬೇಕು. ಎಲ್ಲಿ ನಿಲ್ಲಬೇಕು? ಸಮಯ ಕೊಟ್ಟು ನಿಲ್ಲಿಸಬಹುದು, ಆದರೆ ಅದು ಸೆಕೆಂಡಿನ ಲೆಕ್ಕ. ಆ ಒಂದೇ ಸೆಕೆಂಡಿನಲ್ಲಿ ಒಳ್ಳೆಯ ಕೆಲಸವೂ ನಡೆದಿರಬಹುದು. ಲಾಗನ್ನು ಓದಿ, ಕೆಟ್ಟ ಅಪ್‌ಡೇಟ್ ಶುರುವಾಗುವ ಜಾಗದ ಸಂಖ್ಯೆ ಹುಡುಕಿ ಅಲ್ಲಿಗೆ ನಿಲ್ಲಿಸಿದೆ. ಆ ವ್ಯವಹಾರ ಮುಗಿಯುವ ಜಾಗದಿಂದ ಮತ್ತೆ ಶುರುಮಾಡಿ ಕೊನೆಯ ಐದು ಪುಸ್ತಕಗಳನ್ನೂ ತಂದೆ. ಫೋನ್ ನಂಬರ್‌ಗಳು ಮೊದಲಿನಂತೆ, ಇಶ್ಯೂಗಳು ಪೂರ್ತಿ. ಸಂಖ್ಯೆ ಹುಡುಕಲು ಮೊದಲ ಸಲ ನಲವತ್ತು ನಿಮಿಷ ಬೇಕಾಯಿತು. ಮತ್ತೆ ಮಾಡಿದಾಗ ಹನ್ನೆರಡು.

ಸೆಪ್ಟೆಂಬರ್ 6, ಶನಿವಾರ

ಇವತ್ತು ಕೀಬೋರ್ಡ್ ಮುಂದೆ ಮೇಡಂ. ನಾನು ಪಕ್ಕದಲ್ಲಿ ಕೂತು ಬಾಯಿ ಮುಚ್ಚಿಕೊಂಡಿರಬೇಕು ಅಂತ ಒಪ್ಪಂದ. ಕೈಯಲ್ಲಿ ನಾನು ಬರೆದ ಎರಡು ಪುಟದ ಪಟ್ಟಿ, ಪ್ರಿನ್ಸಿಪಾಲರ ಅಲ್ಮೇರಾದಿಂದ ತಂದ ಕೀ.

ಕೇಬಲ್ ತೆಗೆದರು. ಬೀಗ ತೆಗೆಯುವಾಗ ಕೀ ಟೈಪ್ ಮಾಡಲು ಮೂರು ಸಲ ತಪ್ಪಿತು. ಕಾಗದದ ಪ್ರಿಂಟಿನಲ್ಲಿ 5 ಯಾವುದು, ಎಸ್ ಯಾವುದು ಅಂತ ಗೊತ್ತಾಗುವುದಿಲ್ಲ. ಫಾಂಟ್ ಬದಲಿಸಿ, ಪಕ್ಕದಲ್ಲಿ ಕ್ಯುಆರ್ ಕೋಡ್ ಸೇರಿಸಿ ಹೊಸದಾಗಿ ಪ್ರಿಂಟ್ ಹಾಕಬೇಕು. ಆರನೆಯ ಹೆಜ್ಜೆಯಲ್ಲಿ ನಿಂತರು. "ಇಂಡೆಕ್ಸ್ ಕಟ್ಟಿ ಅಂತ ಇದೆ ಸರ್. ಯಾವ ಹೆಸರು ಕೊಡಬೇಕು?" ಪಟ್ಟಿಯಲ್ಲಿ ಸೈಟ್‌ನ ಹೆಸರೇ ಬಿಟ್ಟುಹೋಗಿತ್ತು. ಅವರೇ ಪೆನ್ನಿನಲ್ಲಿ ಸೇರಿಸಿದರು.

ಒಟ್ಟು ಒಂದು ಗಂಟೆ ಹತ್ತು ನಿಮಿಷ. ಪುಸ್ತಕಗಳ ಸಂಖ್ಯೆ, ಸದಸ್ಯರ ಸಂಖ್ಯೆ, ಬಾಕಿ ದಂಡದ ಮೊತ್ತ, ಕೊನೆಯ ಇಶ್ಯೂ ಸಮಯ, ನಾಲ್ಕೂ ಡಂಪ್ ತೆಗೆದ ಹೊತ್ತಿಗೆ ಸರ್ವರ್‌ನಲ್ಲಿದ್ದ ಲೆಕ್ಕದ ಜೊತೆ ಹೊಂದಿದವು. ಮೇಡಂ ರ‍್ಯಾಕ್‌ನಿಂದ ಒಂದು ಪುಸ್ತಕ ತಂದು ಬಾರ್‌ಕೋಡ್ ಓದಿಸಿದರು. ಇಶ್ಯೂ ಆಯಿತು. ರಿಟರ್ನ್ ಮಾಡಿ ವಾಪಸ್ ಇಟ್ಟರು.

ಅಕ್ಟೋಬರ್ 4ಕ್ಕೆ ಹಾಸ್ಟೆಲ್‌ನಲ್ಲಿರುವ ಡಿಸ್ಕಿನಿಂದ ಮಾಡಬೇಕು. ಆ ಡಿಸ್ಕಿನಿಂದ ಇನ್ನೂ ಒಂದು ಸಲವೂ ರಿಸ್ಟೋರ್ ಮಾಡಿ ನೋಡಿಲ್ಲ.